ಕ್ಷಮೆಗೆ ಅವಸರವಿಲ್ಲ

ಮಂಗಳೂರು ಕಡೆಯ ಕ್ಯಾಥೊಲಿಕ್ ಮನೆಗಳಲ್ಲಿ ರಾತ್ರಿ ಊಟಕ್ಕೆ ಮೊದಲು ‘ತೇರ್ಸ್’ ಆಗಬೇಕು. ತೇರ್ಸ್ ಎಂದರೆ ಜಪಮಾಲೆಯ ಪ್ರಾರ್ಥನೆ. ಒಬ್ಬರು ಪ್ರಾರ್ಥನೆಯ ಮೊದಲರ್ಧ ಹೇಳುತ್ತಾರೆ, ಮಿಕ್ಕವರು ಉಳಿದರ್ಧ ಹೇಳಿ ಮುಗಿಸುತ್ತಾರೆ. ಕೊನೆಗೆ ಮಕ್ಕಳು ಹಿರಿಯರ ಮುಂದೆ ಕೈಜೋಡಿಸಿ ‘ಬೆಸಾಂವ್’, ಅಂದರೆ ಆಶೀರ್ವಾದ, ಕೇಳುತ್ತಾರೆ. ಆಮೇಲೆ ಊಟ.

ಅಂಥದ್ದೊಂದು ಮನೆ. ಗಂಡ ಹೆಂಡತಿ ಮಾತು ಬಿಟ್ಟು ಹನ್ನೊಂದು ದಿನವಾಗಿದೆ. ತೇರ್ಸ್ ಮಾತ್ರ ಒಂದು ದಿನವೂ ತಪ್ಪಿಲ್ಲ. ಅವಳು ಅರ್ಧ ಹೇಳುತ್ತಾಳೆ, ಅವನು ಉಳಿದರ್ಧ ತುಂಬುತ್ತಾನೆ. ದಿನಕ್ಕೆ ಐವತ್ತಕ್ಕೂ ಹೆಚ್ಚು ಸಲ. ಬೆಸಾಂವ್ ಆಗಿ ಊಟಕ್ಕೆ ಕೂತರೆ ನಡುವೆ ಹತ್ತು ವರ್ಷದ ಮಗಳು. “ಡ್ಯಾಡಿಗೆ ಸಾರು ಬೇಕಾ ಕೇಳು.” “ಬೇಡ ಅಂತ ಹೇಳು.”

ಇದು ಯಾರೋ ಒಬ್ಬರ ಮನೆಯಲ್ಲ. ಕಂಡ, ಕೇಳಿದ ಹಲವು ಮನೆಗಳನ್ನು ಬೆರೆಸಿ ಕಟ್ಟಿದ ಮನೆ. ಗಂಡ ಹನ್ನೆರಡು ವರ್ಷ ಗಲ್ಫ್‌ನಲ್ಲಿದ್ದು, ಕೆಲಸ ಹೋಗಿ, ಊರಿಗೆ ಬಂದಿದ್ದಾನೆ. ಅಷ್ಟು ವರ್ಷ ಮಗಳ ಶಾಲೆ, ಅತ್ತೆಯ ಔಷಧಿ, ಮನೆಯ ಸಾಲದ ಕಂತು ಎಲ್ಲವನ್ನೂ ನೋಡಿಕೊಂಡವಳು ಹೆಂಡತಿ. ಈಗ ಅವನು ನೋಟ್‌ಬುಕ್ ಹಿಡಿದು ಒಂದೊಂದು ರೂಪಾಯಿಯ ಲೆಕ್ಕ ಕೇಳುತ್ತಾನೆ. ಕಪಾಟಿನ ಬೀಗದ ಕೈ ಅವಳಿಂದ ಅತ್ತೆಯ ಸೊಂಟಕ್ಕೆ ಹೋಗಿದೆ. ಹನ್ನೆರಡನೆಯ ದಿನ ಅವಳು ಚರ್ಚಿನ ಹಿಂದಿನ ಸಣ್ಣ ಕೋಣೆಯಲ್ಲಿ ವಾರಕ್ಕೊಮ್ಮೆ ಕೂರುವ ಆಪ್ತಸಮಾಲೋಚಕಿ ಸಿಸ್ಟರ್ ಎದುರು ಕೂತು ಕೇಳಿದ ಮೊದಲ ಪ್ರಶ್ನೆ: “ಸಿಸ್ಟರ್, ನಾನು ಕ್ಷಮಿಸಲೇಬೇಕಾ?”

ಬೇರೆ ಸಮಾಲೋಚನಾ ಕೇಂದ್ರಕ್ಕೆ ಹೋಗುವವರು ಮೊದಲಿಗೇ ಇದನ್ನು ಕೇಳುವುದು ಕಡಿಮೆ. ಕ್ರೈಸ್ತ ಆಪ್ತಸಮಾಲೋಚನೆಯ ಬಾಗಿಲಿಗೆ ಬರುವವರು ಈ ಪ್ರಶ್ನೆಯನ್ನು ಹೊತ್ತುಕೊಂಡೇ ಬರುತ್ತಾರೆ. ಈ ಪದ್ಧತಿಯ ಬಲ ಎಲ್ಲಿದೆ, ಅದು ಎಲ್ಲಿ ಎಡವುತ್ತದೆ ಎಂಬ ಎರಡಕ್ಕೂ ಉತ್ತರ ಈ ಪ್ರಶ್ನೆಯೊಳಗೇ ಇದೆ.

ಮೊದಲು ಸ್ವಲ್ಪ ಹಿನ್ನೆಲೆ. ಕುಟುಂಬದ ಜಗಳ ಬಿಡಿಸುವುದು ಪಾದ್ರಿಗಳಿಗೆ ಹೊಸ ಕೆಲಸವಲ್ಲ. ಆದರೆ ಉಪದೇಶ ಬೇರೆ, ಸಮಾಲೋಚನೆ ಬೇರೆ ಎಂಬ ತಿಳಿವಳಿಕೆ ಬಂದು ನೂರು ವರ್ಷವಾಗಿದೆ ಅಷ್ಟೆ. ಅಮೆರಿಕದ ಪಾದ್ರಿ ಆಂಟನ್ ಬಾಯ್ಸನ್ ತಾವೇ ಮಾನಸಿಕ ಕಾಯಿಲೆಯಿಂದ ಆಸ್ಪತ್ರೆ ಸೇರಿ ಗುಣವಾಗಿ ಬಂದವರು. ಅವರು 1925ರಲ್ಲಿ ಮ್ಯಾಸಚೂಸೆಟ್ಸ್‌ನ ವೂಸ್ಟರ್ ಸರ್ಕಾರಿ ಮಾನಸಿಕ ಆಸ್ಪತ್ರೆಯಲ್ಲಿ ದೇವಶಾಸ್ತ್ರದ ವಿದ್ಯಾರ್ಥಿಗಳಿಗೆ ತರಬೇತಿ ಶುರುಮಾಡಿದರು. ಪುಸ್ತಕ ಓದುವ ಹಾಗೆ ಮನುಷ್ಯರನ್ನೂ ಓದಲು ಕಲಿಯಿರಿ ಎಂಬುದು ಅವರ ಪಾಠದ ಸಾರ. ಪಾದ್ರಿ ಬಾಯಿ ಮುಚ್ಚಿ ಕಿವಿ ತೆರೆಯುವ ಪದ್ಧತಿ ಅಲ್ಲಿಂದ ಹರಡಿತು.

ಅದಕ್ಕೆ ಎದುರುವಾದವೂ ಬಂತು. 1970ರಲ್ಲಿ ಪ್ರೆಸ್ಬಿಟೇರಿಯನ್ ಪಾದ್ರಿ ಜೇ ಆಡಮ್ಸ್, ಮನಶ್ಶಾಸ್ತ್ರದ ಹಂಗು ಬೇಡ, ಬೈಬಲ್ ಒಂದೇ ಸಾಕು, ತಪ್ಪನ್ನು ತಪ್ಪೆಂದು ಎದುರಿಗೆ ಹೇಳಿ ತಿದ್ದಬೇಕು ಎಂದು ವಾದಿಸಿದರು. ಇಬ್ಬರ ನಡುವೆ ಮೂರನೆಯ ದಾರಿಯೊಂದು ಬೆಳೆಯಿತು: ಮನಶ್ಶಾಸ್ತ್ರದ ಉಪಕರಣ ಬಳಸು, ಬದುಕಿನ ದಿಕ್ಕನ್ನು ನಂಬಿಕೆಯಿಂದ ಪಡೆ. ನಮ್ಮಲ್ಲಿ ತರಬೇತಾದ ಕ್ರೈಸ್ತ ಸಮಾಲೋಚಕರಲ್ಲಿ ಹೆಚ್ಚಿನವರು ಈ ಮೂರನೆಯ ದಾರಿಯವರು. ದಕ್ಷಿಣ ಭಾರತದಲ್ಲಿ ಇದಕ್ಕೆ ನೆಲೆ ಸಿಕ್ಕಿದ್ದು ವೆಲ್ಲೂರಿನಲ್ಲಿ. ಅಲ್ಲಿನ ಕ್ರಿಶ್ಚಿಯನ್ ಕೌನ್ಸೆಲಿಂಗ್ ಸೆಂಟರ್ ದಶಕಗಳಿಂದ ಪಾದ್ರಿಗಳಿಗೆ, ಸಿಸ್ಟರ್‌ಗಳಿಗೆ, ಶಿಕ್ಷಕರಿಗೆ ತರಬೇತಿ ಕೊಡುತ್ತಿದೆ. ಜೋ ಕರಿ ಎಂಬ ಜೆಸ್ಯೂಟ್ ಪಾದ್ರಿ ತಮ್ಮ ಪುಸ್ತಕಕ್ಕೆ ‘ಬೇರ್‌ಫುಟ್ ಕೌನ್ಸೆಲರ್’ ಎಂದೇ ಹೆಸರಿಟ್ಟರು. ಬರಿಗಾಲಿನ ವೈದ್ಯರಿರುವಂತೆ ಬರಿಗಾಲಿನ ಸಮಾಲೋಚಕರೂ ಇರಬೇಕು ಎಂಬ ಆಶಯ ಅದರದ್ದು. 1910ರಲ್ಲಿ ಶುರುವಾದ ಬೆಂಗಳೂರಿನ ಯುನೈಟೆಡ್ ಥಿಯಲಾಜಿಕಲ್ ಕಾಲೇಜಿನಲ್ಲೂ ಸಭಾಪಾಲಕರಾಗುವವರು ಈ ವಿಷಯ ಓದುತ್ತಾರೆ. 2011ರ ಜನಗಣತಿಯ ಪ್ರಕಾರ ಕರ್ನಾಟಕದ ಕ್ರೈಸ್ತರು 11 ಲಕ್ಷಕ್ಕೂ ಹೆಚ್ಚು, ಜನಸಂಖ್ಯೆಯ ಶೇ 1.87. ಇವರಲ್ಲಿ ಬಹಳ ಮಂದಿಗೆ ಮನಸ್ಸಿನ ಸಂಕಟ ಹೇಳಿಕೊಳ್ಳಲು ಸಿಗುವ ಮೊದಲ ಮನುಷ್ಯ ಇವತ್ತಿಗೂ ಫಾದರೋ ಪ್ರೊಟೆಸ್ಟೆಂಟ್ ಸಭೆಯ ಪಾದ್ರಿ ಅಯ್ಯನವರೋ ಆಗಿರುತ್ತಾರೆ.

ಈಗ ಆ ಸಣ್ಣ ಕೋಣೆಗೆ ಬರೋಣ. ‘ಕ್ಷಮಿಸಲೇಬೇಕಾ’ ಎಂಬ ಪ್ರಶ್ನೆಗೆ ಸಿಸ್ಟರ್ ಹೌದೆನ್ನಲಿಲ್ಲ, ಅಲ್ಲ ಎನ್ನಲೂ ಇಲ್ಲ. “ಅದು ಕೊನೆಯ ಪಾಠ. ಇವತ್ತು ಮೊದಲನೆಯದು ಮಾಡೋಣ. ಏನಾಯಿತು ಹೇಳಿ” ಎಂದರು. ಮುಂದಿನ ವಾರ ಗಂಡನೂ ಬಂದ. ಬಾಗಿಲ ಬಳಿಯ ಕುರ್ಚಿಯಲ್ಲಿ, ಎದ್ದು ಹೋಗಲು ಅನುಕೂಲವಾಗುವ ಹಾಗೆ ಕೂತ. ಇಬ್ಬರಿಗೂ ಒಂದೊಂದು ನೋಟ್‌ಬುಕ್ ಸಿಕ್ಕಿತು. ದಿನಕ್ಕೆ ಹತ್ತು ನಿಮಿಷ ಬರೆಯಬೇಕು, ಬದಲಾಯಿಸಿಕೊಂಡು ಓದಬೇಕು, ಹತ್ತು ನಿಮಿಷ ಅದರ ಬಗ್ಗೆ ಮಾತ್ರ ಮಾತಾಡಬೇಕು.

ಈ ಅಭ್ಯಾಸದ ಮೂಲ ಸ್ಪೇನಿನದು. ಫಾದರ್ ಗೇಬ್ರಿಯಲ್ ಕಾಲ್ವೊ 1962ರಲ್ಲಿ ಬಾರ್ಸಿಲೋನಾದಲ್ಲಿ ದಂಪತಿಗಳಿಗಾಗಿ ಒಂದು ವಾರಾಂತ್ಯ ಶಿಬಿರ ನಡೆಸಿದರು. ಅದೇ ‘ಮ್ಯಾರೇಜ್ ಎನ್‌ಕೌಂಟರ್’ ಚಳವಳಿಯಾಗಿ ಅಮೆರಿಕ ದಾಟಿ ಭಾರತಕ್ಕೂ ಬಂತು. ಶುಕ್ರವಾರ ಸಂಜೆ ಹೋದರೆ ಭಾನುವಾರ ವಾಪಸು. ಅಲ್ಲಿ ಯಾರೂ ಎಲ್ಲರೆದುರು ತಮ್ಮ ಸಂಸಾರದ ಕಥೆ ಬಿಚ್ಚಬೇಕಿಲ್ಲ. ವೇದಿಕೆಯ ಮೇಲಿನ ದಂಪತಿ ಮತ್ತು ಪಾದ್ರಿ ತಮ್ಮ ಅನುಭವ ಹೇಳುತ್ತಾರೆ. ಕೇಳಿದವರು ತಮ್ಮ ಕೋಣೆಗೆ ಹೋಗಿ ಪತ್ರ ಬರೆದು, ಗಂಡ ಹೆಂಡತಿ ಇಬ್ಬರೇ ಓದಿಕೊಳ್ಳುತ್ತಾರೆ. ಸಂಬಂಧ ಮುರಿಯುವ ಹಂತಕ್ಕೆ ಬಂದವರಿಗಾಗಿ 1977ರಲ್ಲಿ ಕೆನಡಾದ ಕ್ವಿಬೆಕ್‌ನಲ್ಲಿ ‘ರೆತ್ರುವಾಯ್’ ಎಂಬ ಇನ್ನೊಂದು ಕಾರ್ಯಕ್ರಮ ಹುಟ್ಟಿತು. ಅದನ್ನು ನಡೆಸುವವರು ಒಮ್ಮೆ ಮುರಿದು ಮತ್ತೆ ಕೂಡಿಕೊಂಡ ದಂಪತಿಗಳೇ.

ನಮ್ಮ ಕಥೆಯ ಗಂಡನ ಮೊದಲ ಪತ್ರ ದೂರಿನ ಪಟ್ಟಿಯಂತಿತ್ತು. ಸಿಸ್ಟರ್ ಪೆನ್ಸಿಲ್ ಹಿಡಿದು ಎಣಿಸಿದರು. “ಇದರಲ್ಲಿ ‘ನೀನು’ ಹದಿನಾಲ್ಕು ಸಲ ಇದೆ. ‘ನನಗೆ’ ಒಂದು ಸಲವೂ ಇಲ್ಲ.”

ನಮ್ಮ ಭಾಷೆಗೆ ಇಲ್ಲೊಂದು ಅನುಕೂಲವಿದೆ. ಕನ್ನಡದಲ್ಲಿ ಭಾವನೆಗಳು ‘ನನಗೆ’ ಎಂದೇ ಶುರುವಾಗುತ್ತವೆ: ನನಗೆ ಬೇಸರವಾಯಿತು, ನನಗೆ ಭಯವಾಯಿತು, ನನಗೆ ಅವಮಾನವಾಯಿತು. ಕೊಂಕಣಿಯಲ್ಲೂ ಹಾಗೆಯೇ. ‘ನೀನು ಲೆಕ್ಕ ಮುಚ್ಚಿಟ್ಟೆ’ ಎಂದರೆ ಎದುರಿನವರು ಉತ್ತರ ಹುಡುಕುತ್ತಾರೆ. ‘ಮನೆಯಲ್ಲಿ ನನಗೆ ಜಾಗವೇ ಇಲ್ಲ ಅನಿಸಿತು’ ಎಂದರೆ ಹುಡುಕಲು ಉತ್ತರವಿಲ್ಲ, ಕೇಳಬೇಕು ಅಷ್ಟೆ. ಮೂರನೆಯ ವಾರ ಅವನು ಬರೆದದ್ದು ಎರಡೇ ಸಾಲು. ಏರ್‌ಪೋರ್ಟಿನಿಂದ ಮನೆಗೆ ಬಂದ ದಿನ ಗ್ಯಾಸ್ ಒಲೆ ಹೊತ್ತಿಸಲು ಲೈಟರ್ ಎಲ್ಲಿದೆ ಎಂದು ತನಗೆ ಗೊತ್ತಿರಲಿಲ್ಲ, ನೆಂಟರ ಮನೆಗೆ ಬಂದ ಹಾಗೆ ಅನಿಸಿತು ಎಂದು. ಲೆಕ್ಕದ ನೋಟ್‌ಬುಕ್ಕಿನ ಹಿಂದೆ ಇದ್ದದ್ದು ದುಡ್ಡಿನ ಪ್ರಶ್ನೆಯಲ್ಲ ಎಂದು ಅವಳಿಗೆ ತಿಳಿದದ್ದು ಆಗ.

ಇನ್ನು ಬೀಗದ ಕೈ. ಇಲ್ಲಿ ಬೈಬಲ್ಲಿನ ಹಳೆಯ ವಾಕ್ಯವೊಂದು ನೆರವಿಗೆ ಬರುತ್ತದೆ. ಆದಿಕಾಂಡದ ಎರಡನೆಯ ಅಧ್ಯಾಯ ಮದುವೆಯ ಬಗ್ಗೆ ಹೇಳುವಾಗ, ಪುರುಷ ತನ್ನ ತಂದೆ ತಾಯಿಯನ್ನು ಬಿಟ್ಟು ಹೆಂಡತಿಯನ್ನು ಸೇರಿಕೊಳ್ಳುತ್ತಾನೆ ಎನ್ನುತ್ತದೆ. ಯೇಸು ಅದನ್ನೇ ಮತ್ತೆ ನೆನಪಿಸಿದ್ದು ಮತ್ತಾಯನ ಸುವಾರ್ತೆಯಲ್ಲಿದೆ. ಪ್ರತಿ ಮದುವೆಯಲ್ಲೂ ಕೇಳುವ ಮಾತಾದ್ದರಿಂದ ಯಾರೂ ಗಮನಿಸುವುದಿಲ್ಲ: ಬಿಟ್ಟು ಬರಬೇಕಾದವನು ಗಂಡು. ನಮ್ಮಲ್ಲಿ ಬಿಟ್ಟು ಬರುವವಳು ಹೆಣ್ಣು. ಗಂಡು ಇದ್ದಲ್ಲೇ ಇರುತ್ತಾನೆ, ಹಿಂದೂ ಮನೆಯಾದರೂ ಕ್ರೈಸ್ತ ಮನೆಯಾದರೂ. ಹಾಗೆಂದು ಜಾಣ ಸಮಾಲೋಚಕರು ‘ತಾಯಿಯನ್ನು ಬಿಡು’ ಎಂದು ಹೇಳುವುದಿಲ್ಲ. ತಾಯಿ ತಂದೆಯನ್ನು ಗೌರವಿಸು ಎಂಬುದೂ ಅದೇ ಬೈಬಲ್ಲಿನ ಆಜ್ಞೆ. ಸಾಕುವುದು ಬೇರೆ, ಸಂಸಾರದ ತೀರ್ಮಾನಗಳನ್ನು ಒಪ್ಪಿಸುವುದು ಬೇರೆ ಎಂದು ಬಿಡಿಸಿ ತೋರಿಸುತ್ತಾರೆ. ಅತ್ತೆಯನ್ನೂ ಒಂದು ದಿನ ಕರೆಸಿ ಕೂರಿಸುತ್ತಾರೆ. ಆ ಮುದುಕಿಗೂ ಹೇಳಿಕೊಳ್ಳಲು ಒಂದು ‘ನನಗೆ’ ಇರುತ್ತದೆ: ಮಗ ವಿದೇಶದಲ್ಲಿದ್ದ ಹನ್ನೆರಡು ವರ್ಷ ಔಷಧಿಗೂ ಸೊಸೆಯ ಕೈ ನೋಡಬೇಕಾಯಿತು ಎಂಬ ನೋವು.

ಪೋಪ್ ಫ್ರಾನ್ಸಿಸ್ ಕುಟುಂಬದ ಬಗ್ಗೆ 2016ರಲ್ಲಿ ‘ಅಮೋರಿಸ್ ಲೆತೀಸಿಯಾ’ ಎಂಬ ದೊಡ್ಡ ದಾಖಲೆ ಹೊರಡಿಸಿದರು. ಆದರೂ ಜನರ ನಾಲಿಗೆಯಲ್ಲಿ ಉಳಿದದ್ದು ಅವರು ಹೋದಲ್ಲೆಲ್ಲ ಹೇಳುತ್ತಿದ್ದ ಮೂರು ಚಿಕ್ಕ ಮಾತುಗಳು: ‘ಮಾಡಲಾ?’ ಎಂದು ಕೇಳುವುದು, ‘ಥ್ಯಾಂಕ್ಸ್’ ಅನ್ನುವುದು, ‘ಸಾರಿ’ ಅನ್ನುವುದು. ನಮ್ಮ ಮನೆಗಳಲ್ಲಿ ಇವು ಹೊರಗಿನವರಿಗೆ ಮೀಸಲು. ಗಂಡನಿಗೆ ಥ್ಯಾಂಕ್ಸ್ ಹೇಳಿದರೆ ‘ಏನಾಯಿತು ನಿನಗೆ’ ಎಂದು ಕೇಳುತ್ತಾನೆ. ಸಂಕೋಚವಾದರೆ ‘ಸಾಕಾಯ್ತೇನೋ ಪಾಪ, ಕೂತ್ಕೋ’ ಅಂದರೂ ಆದೀತು ಎನ್ನುತ್ತಾರೆ ಸಮಾಲೋಚಕರು. ಅರ್ಥ ಮುಟ್ಟಿದರೆ ಸಾಕು.

ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎನ್ನುತ್ತದೆ ನಮ್ಮ ಗಾದೆ. ಬೈಬಲ್ಲಿನಲ್ಲಿ, ಎಫೆಸದವರಿಗೆ ಬರೆದ ಪತ್ರದಲ್ಲಿ ಸಂತ ಪೌಲ ಕೊಡುವ ಗಡುವು ಇನ್ನೂ ಬಿಗಿ: ಹೊತ್ತು ಮುಳುಗುವ ಮೊದಲೇ ಕೋಪ ಬಿಡಬೇಕು. ಎರಡೂ ದಿನನಿತ್ಯದ ಜಗಳಕ್ಕೆ ಒಳ್ಳೆಯ ಮದ್ದು. ಬೆಳಿಗ್ಗೆ ಕಾಫಿಯ ಜತೆಗೇ ಎದ್ದು ಕೂರುವ ಜಗಳಕ್ಕೆ ಎರಡೂ ಸಾಲವು. ಅಂಥಲ್ಲಿ ಅವಸರದ ಕ್ಷಮೆ ಕೀವು ತೆಗೆಯದೆ ಗಾಯಕ್ಕೆ ಪಟ್ಟಿ ಕಟ್ಟಿದ ಹಾಗೆ.

ಕ್ಷಮೆಯ ಬಗ್ಗೆ ದಶಕಗಳ ಕಾಲ ಅಧ್ಯಯನ ಮಾಡಿದ ಎವರೆಟ್ ವರ್ದಿಂಗ್ಟನ್ ಅಮೆರಿಕದ ಮನಶ್ಶಾಸ್ತ್ರಜ್ಞರು, ಕ್ರೈಸ್ತ ವಿಶ್ವಾಸಿ. 1996ರ ಹೊಸ ವರ್ಷದ ಹೊತ್ತಿಗೆ ಮನೆಗೆ ನುಗ್ಗಿದವರು ಅವರ ತಾಯಿಯನ್ನು ಕೊಂದರು. ಅಲ್ಲಿಯವರೆಗೆ ಬೇರೆಯವರಿಗೆ ಕಲಿಸಿದ್ದನ್ನು ತಮ್ಮ ಮೇಲೇ ಪ್ರಯೋಗಿಸಿಕೊಳ್ಳುವ ಸರದಿ ಬಂತು. ಅವರು ಹೇಳುವ ಹಂತಗಳು ಐದು: ನೋವನ್ನು ಇದ್ದ ಹಾಗೆ ನೆನೆ, ನೋಯಿಸಿದವರ ಒಳಗನ್ನು ಅರಿಯಲು ಯತ್ನಿಸು, ಕ್ಷಮೆಯನ್ನು ಕೊಡುಗೆಯಾಗಿ ಕೊಡು, ಕೊಟ್ಟೆ ಎಂದು ಬರೆದೋ ಹೇಳಿಯೋ ಗಟ್ಟಿಮಾಡಿಕೋ, ನೋವು ಮತ್ತೆ ಉಕ್ಕಿದಾಗ ಆ ಕ್ಷಮೆಯನ್ನು ಬಿಡದೆ ಹಿಡಿದುಕೋ. ಮೊದಲನೆಯ ಹಂತವೇ ನೋವನ್ನು ನೆನೆಯುವುದು. ಮರೆತುಬಿಡು ಎಂಬ ಹಂತ ಇಲ್ಲವೇ ಇಲ್ಲ. ಸೇಡು ಬಿಡುತ್ತೇನೆ ಎಂಬ ನಿರ್ಧಾರದ ಕ್ಷಮೆ ಒಂದು ದಿನದಲ್ಲಿ ಆಗಬಹುದು, ಮನಸ್ಸು ತಿಳಿಯಾಗುವ ಕ್ಷಮೆಗೆ ಅದರದೇ ಕಾಲ ಬೇಕು ಎಂದೂ ಅವರು ವಿಂಗಡಿಸುತ್ತಾರೆ.

ಸುವಾರ್ತೆಯೂ ಇದೇ ಕ್ರಮದಲ್ಲಿದೆ. ಎಷ್ಟು ಸಲ ಕ್ಷಮಿಸಬೇಕು ಎಂದು ಶಿಷ್ಯ ಪೇತ್ರ ಯೇಸುವನ್ನು ಕೇಳುವುದೂ, ಲೆಕ್ಕವಿಡದಷ್ಟು ಸಲ ಎಂಬ ಉತ್ತರ ಬರುವುದೂ ಮತ್ತಾಯನ ಹದಿನೆಂಟನೆಯ ಅಧ್ಯಾಯದಲ್ಲಿ. ಅದೇ ಅಧ್ಯಾಯದಲ್ಲಿ, ಕೆಲವೇ ವಾಕ್ಯ ಮೇಲೆ, ತಪ್ಪು ಮಾಡಿದವನಿಗೆ ಅವನ ತಪ್ಪನ್ನು ತಿಳಿಸು ಎಂದಿದೆ: ಮೊದಲು ಒಬ್ಬಳೇ ಅಥವಾ ಒಬ್ಬನೇ, ಕೇಳದಿದ್ದರೆ ಒಂದಿಬ್ಬರು ಸಾಕ್ಷಿಗಳೊಡನೆ, ಆಗಲೂ ಕೇಳದಿದ್ದರೆ ಸಭೆಯ ಮುಂದೆ. ಪ್ರವಚನಗಳಲ್ಲಿ ಕ್ಷಮಿಸುವ ಭಾಗ ನೂರು ಸಲ ಕೇಳಿದ್ದೇವೆ. ತಪ್ಪು ತಿಳಿಸುವ ಭಾಗ ಕೇಳಿದ್ದು ಎಷ್ಟು ಸಲ?

ಈ ಕ್ರಮ ತಪ್ಪಿದರೆ ಏನಾಗುತ್ತದೆ ಎನ್ನುವುದಕ್ಕೆ ಎರಡನೆಯ ಮನೆ. ಇದೂ ಬೆರೆಸಿ ಕಟ್ಟಿದ ಮನೆಯೇ, ಒಂದು ಪಟ್ಟಣದ ಪ್ರೊಟೆಸ್ಟೆಂಟ್ ಕುಟುಂಬ. ಗಂಡ ಭಾನುವಾರ ಆರಾಧನೆಯಲ್ಲಿ ಮುಂದಿನ ಸಾಲಿನವನು. ಮನೆಯಲ್ಲಿ ಕೈ ಎತ್ತುತ್ತಾನೆ. ಹೆಂಡತಿ ಅಯ್ಯನವರ ಹತ್ತಿರ ಹೋದಳು. “ತಾಳಿಕೋ ಅಮ್ಮ, ಅವನಿಗಾಗಿ ಪ್ರಾರ್ಥನೆ ಮಾಡು” ಎಂಬ ಉತ್ತರ ಸಿಕ್ಕಿತು. ಜತೆಗೆ, ಹೆಂಡತಿ ಗಂಡನಿಗೆ ಅಧೀನಳಾಗಿರಬೇಕೆಂಬ ಪೌಲನ ಮಾತು. ಆ ಮಾತಿನ ಹಿಂದಿನ ವಾಕ್ಯವೇ ಒಬ್ಬರಿಗೊಬ್ಬರು ಅಧೀನರಾಗಿರಿ ಎನ್ನುತ್ತದೆ. ಮುಂದಿನ ವಾಕ್ಯಗಳು ಗಂಡ ತನ್ನನ್ನೇ ಒಪ್ಪಿಸಿಕೊಡುವಷ್ಟು ಹೆಂಡತಿಯನ್ನು ಪ್ರೀತಿಸಬೇಕು ಎನ್ನುತ್ತವೆ. ಅವನ್ನು ಯಾರೂ ಅವಳಿಗೆ ಓದಿ ಹೇಳಲಿಲ್ಲ.

ಇಂಥ ಮನೆಗೆ ನೋಟ್‌ಬುಕ್ ಕೊಡಬಾರದು. ಇಬ್ಬರನ್ನೂ ಒಟ್ಟಿಗೆ ಕೂರಿಸಿ ಮಾತಾಡಿಸಲೂ ಬಾರದು, ಕೋಣೆಯಲ್ಲಿ ಅವಳು ಆಡಿದ ಮಾತಿಗೆ ಮನೆಯಲ್ಲಿ ಏಟು ಬೀಳುತ್ತದೆ. ತರಬೇತಾದ ಸಮಾಲೋಚಕರು ಮೊದಲು ಒಬ್ಬೊಬ್ಬರನ್ನೇ ಮಾತಾಡಿಸುವುದು ಈ ಕಾರಣಕ್ಕೆ. ‘ಮನೆಗೆ ಹೋಗಲು ಭಯವಾಗುತ್ತದೆಯೇ?’ ಎಂಬ ಪ್ರಶ್ನೆಗೆ ಹೌದೆಂದು ಉತ್ತರ ಬಂದರೆ ಸಂಧಾನದ ಮಾತು ಅಲ್ಲಿಗೆ ನಿಲ್ಲಬೇಕು. ಆಗ ಬೇಕಾದದ್ದು ಸುರಕ್ಷಿತ ಜಾಗ, ಮಹಿಳಾ ಸಹಾಯವಾಣಿ 181, ಮತ್ತು 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆ. ಅದು ಯಾವ ಧರ್ಮದ ಹೆಣ್ಣಿಗೂ ಅನ್ವಯಿಸುತ್ತದೆ. ಗಂಡನ ಕುಡಿತ, ಹೆಂಡತಿಯ ತಿಂಗಳುಗಟ್ಟಲೆಯ ಖಿನ್ನತೆ, ಅತಿಯಾದ ಸಂಶಯ ಇವು ಕಾಯಿಲೆಗಳಾಗಿರಬಹುದು. ಅಂಥವರನ್ನು ಪ್ರಾರ್ಥನೆಯ ಜತೆಗೆ ವೈದ್ಯರ ಬಳಿಗೂ ಕಳಿಸಬೇಕು. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕನ್ನಡದಲ್ಲೇ ಕರೆಮಾಡಬಹುದು.

ಗುಟ್ಟಿನ ಮಾತೂ ಇಲ್ಲೇ ಹೇಳಬೇಕು. ಪಾಪನಿವೇದನೆಯಲ್ಲಿ ಕೇಳಿದ್ದನ್ನು ಕ್ಯಾಥೊಲಿಕ್ ಪಾದ್ರಿ ಯಾವ ಕಾರಣಕ್ಕೂ ಹೊರಗೆ ಹೇಳುವಂತಿಲ್ಲ. ಸಮಾಲೋಚನೆಗೆ ಆ ಮುದ್ರೆ ಇಲ್ಲ. ಅಲ್ಲಿ ಕಾಯುವುದು ವೃತ್ತಿಯ ಶಿಸ್ತು ಮಾತ್ರ. ಚಿಕ್ಕ ಊರಿನ ಚಿಕ್ಕ ಸಭೆಯಲ್ಲಿ ‘ಆ ಮನೆಯವರಿಗಾಗಿ ಪ್ರಾರ್ಥಿಸೋಣ’ ಎಂದು ಎದ್ದು ನಿಂತು ಹೇಳಿದರೂ ಸಾಕು, ಗುಟ್ಟು ರಟ್ಟಾಗುತ್ತದೆ. ಜನ ಬಾಗಿಲವರೆಗೆ ಬಂದು ಹಿಂದಿರುಗುವುದು ಈ ಹೆದರಿಕೆಯಿಂದಲೇ.

ಎಲ್ಲ ಯತ್ನ ಮುಗಿದ ಮೇಲೂ ಕೆಲವು ಮದುವೆಗಳು ಉಳಿಯುವುದಿಲ್ಲ. ಅಲ್ಲಿ ಕಾನೂನು ಗೊತ್ತಿರದ ಸಮಾಲೋಚಕ ಅಪಾಯಕಾರಿ. 1869ರ ವಿಚ್ಛೇದನ ಕಾಯ್ದೆಯ ಪ್ರಕಾರ ಕ್ರೈಸ್ತ ಗಂಡನಿಗೆ ಹೆಂಡತಿಯ ವ್ಯಭಿಚಾರ ಒಂದನ್ನು ತೋರಿಸಿದರೆ ಸಾಕಿತ್ತು. ಹೆಂಡತಿ ವ್ಯಭಿಚಾರದ ಜತೆಗೆ ಕ್ರೌರ್ಯವನ್ನೋ ತೊರೆದು ಹೋದದ್ದನ್ನೋ ಸೇರಿಸಿ ತೋರಿಸಬೇಕಿತ್ತು. ಈ ಅನ್ಯಾಯ ಸರಿಹೋದದ್ದು 2001ರಲ್ಲಿ. ಪರಸ್ಪರ ಒಪ್ಪಿಗೆಯ ವಿಚ್ಛೇದನಕ್ಕೂ ಆಗಲೇ ದಾರಿಯಾಯಿತು, ಎರಡು ವರ್ಷ ಬೇರೆಯಾಗಿದ್ದಿರಬೇಕೆಂಬ ಷರತ್ತಿನೊಂದಿಗೆ. ಬೇರೆಯವರಿಗೆ ಒಂದು ವರ್ಷ, ಕ್ರೈಸ್ತರಿಗೆ ಮಾತ್ರ ಎರಡೇಕೆ ಎಂಬ ಪ್ರಶ್ನೆ ಬಂದಾಗ ಕರ್ನಾಟಕ ಹೈಕೋರ್ಟ್ ಅದನ್ನು ಒಂದು ವರ್ಷಕ್ಕಿಳಿಸಿತು. ಇನ್ನೊಂದು ಗೊಂದಲ, ಚರ್ಚಿನ ನ್ಯಾಯಮಂಡಳಿ ಕೊಡುವ ‘ಮದುವೆ ಅನೂರ್ಜಿತ’ ಎಂಬ ತೀರ್ಪಿನದು. ಅದಕ್ಕೆ ಕಾನೂನಿನ ಮಾನ್ಯತೆ ಕೊಡಿ ಎಂದು ಮಂಗಳೂರಿನ ಕ್ಲಾರೆನ್ಸ್ ಪಾಯ್ಸ್ ಸುಪ್ರೀಂ ಕೋರ್ಟಿಗೆ ಹೋಗಿದ್ದರು. 2017ರ ಜನವರಿಯಲ್ಲಿ ಕೋರ್ಟ್ ಆ ಅರ್ಜಿಯನ್ನು ತಳ್ಳಿಹಾಕಿತು. ಚರ್ಚಿನ ತೀರ್ಪು ಚರ್ಚಿನೊಳಗಷ್ಟೇ ನಡೆಯುತ್ತದೆ. ಅದೊಂದನ್ನೇ ನಂಬಿ ಮರುಮದುವೆಯಾದರೆ ಆ ಮದುವೆ ಕಾನೂನಿನ ಮುಂದೆ ನಿಲ್ಲುವುದಿಲ್ಲ.

‘ವಿಶ್ವಾಸ’ ಎಂಬ ಪದಕ್ಕೆ ಕನ್ನಡದ ಕ್ರೈಸ್ತರಲ್ಲಿ ದೇವರ ಮೇಲಿನ ನಂಬಿಕೆ ಎಂದರ್ಥ. ಅದೇ ಪದ ಊರ ಮಾತಿನಲ್ಲಿ ‘ಪ್ರೀತಿ ವಿಶ್ವಾಸ’ ಎಂದು ಮನುಷ್ಯರ ನಡುವಿನದ್ದಾಗುತ್ತದೆ. ಮೊದಲನೆಯದು ಗಟ್ಟಿಯಾಗಿದ್ದರೆ ಎರಡನೆಯದು ತಾನಾಗಿ ಬರುತ್ತದೆ ಎಂದು ನಂಬಿದಲ್ಲೆಲ್ಲ ಈ ಸಮಾಲೋಚನೆ ಸೋತಿದೆ. ಕ್ಷಮೆಯನ್ನು ಒಬ್ಬರೇ ಕೊಡಬಹುದು. ಕಳೆದುಹೋದ ವಿಶ್ವಾಸವನ್ನು ಮಾತ್ರ ಕಳೆದವರೇ ದಿನದಿನದ ನಡತೆಯಿಂದ ಸಂಪಾದಿಸಬೇಕು. ಹೊಡೆದವನನ್ನು ಅವಳು ಕ್ಷಮಿಸಿಯೂ ಅವನ ಮನೆಗೆ ಹಿಂತಿರುಗದೆ ಇರಬಹುದು. ಅದರಲ್ಲಿ ಪಾಪವಿಲ್ಲ ಎಂದು ಒಬ್ಬ ಪಾದ್ರಿಯ ಬಾಯಲ್ಲಿ ಕೇಳಿದರೆ ಎಷ್ಟೋ ಹೆಣ್ಣುಮಕ್ಕಳ ಎದೆಯ ಕಲ್ಲು ಇಳಿಯುತ್ತದೆ.

ಮೊದಲ ಮನೆಯಲ್ಲಿ ಈಗ ಏಳನೆಯ ವಾರ. ಬೀಗದ ಕೈ ಇನ್ನೂ ಅತ್ತೆಯ ಸೊಂಟದಲ್ಲೇ ಇದೆ. ಲೆಕ್ಕದ ನೋಟ್‌ಬುಕ್ಕೂ ಇದೆ, ಆದರೆ ಬರೆಯುವವರು ಇಬ್ಬರಾಗಿದ್ದಾರೆ. ‘ಕ್ಷಮಿಸಲೇಬೇಕಾ’ ಎಂದು ಅವಳು ಮತ್ತೆ ಕೇಳಿಲ್ಲ, ಸಿಸ್ಟರ್ ನೆನಪಿಸಿಲ್ಲ. ಊಟದ ಮೇಜಿನಲ್ಲಿ ಮಗಳಿಗಂತೂ ಕೆಲಸ ತಪ್ಪಿದೆ. ತೇರ್ಸ್ ಮುಗಿದ ಮೇಲೆ ಸಾರು ಬೇಕಾ ಎಂದು ಅವಳೇ ಕೇಳುತ್ತಾಳೆ. ಬೇಡ ಎಂದು ಅವನೇ ಹೇಳುತ್ತಾನೆ.